ಇಟ್ಟಿಗೆಯಲ್ಲಿ ಕಟ್ಟಿದ ಉಗಿಬಂಡಿ

ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ತಿಂಗಳಿಂದ ಯಾರೂ ಊಟ ಮಾಡಿಲ್ಲ. ಅಲ್ಲೊಂದು ರೈಲ್ವೆ ಕಾರ್ಖಾನೆ ನಡೆಯುತ್ತಿದೆ. ಅದರ ಮುಖ್ಯ ಎಂಜಿನಿಯರು ಹದಿಮೂರು ವರ್ಷದ ನನ್ನ ಮಗಳು. ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನ ಹುಡುಗರಿಗೆ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಹೇಳುತ್ತ ತಲೆ ನರೆತುಕೊಂಡಿರುವ ನಾನು ಅವಳ ಕೈಕೆಳಗಿನ ಕೂಲಿ. ಇಟ್ಟಿಗೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ತಟ್ಟೆಗಳಿಗೆ ತುಂಬುವುದು ನನಗೆ ಒಪ್ಪಿಸಿರುವ ಕೆಲಸ. ಇಟ್ಟಿಗೆ ಎಂದರೆ ಮಣ್ಣಿನದಲ್ಲ. ಲೆಗೊ ಎಂಬ ಹೆಸರಿನ, ಒಂದರ ಮೇಲೊಂದು ಕಚ್ಚಿ ಕೂರುವ ಪ್ಲಾಸ್ಟಿಕ್ ಇಟ್ಟಿಗೆ. ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಸರಕು ಒಂದು ಉಗಿ ಎಂಜಿನ್.

ಮಕ್ಕಳ ಆಟಿಕೆಗೆ ಈ ಪುಟದಲ್ಲಿ ಏನು ಕೆಲಸ ಎಂದು ಓದುಗರು ಹುಬ್ಬೇರಿಸಬಹುದು. ಮೊದಲು ನಾನೂ ಹಾಗೆಯೇ ಹುಬ್ಬೇರಿಸಿದವನು. ಆದರೆ ಕೂಲಿ ಮಾಡುತ್ತ ಮಾಡುತ್ತ ಇದರ ಪೂರ್ವೋತ್ತರಗಳನ್ನು ಓದಿದಾಗ ಒಂದು ಸಂಗತಿ ಮನಸ್ಸಿಗೆ ಬಂತು. ಮನೆ ಕಟ್ಟುವುದಕ್ಕೆಂದು ಹುಟ್ಟಿದ ಇಟ್ಟಿಗೆಯಿಂದ ಉಗಿಬಂಡಿ ಕಟ್ಟಲು ಹೊರಟವರ ಕಥೆ, ಕಣ್ಮರೆಯಾಗುತ್ತಿದ್ದ ಒಂದು ಯಂತ್ರವನ್ನು ಮರೆಯಲೊಲ್ಲದವರ ಕಥೆಯೂ ಹೌದು. ಅದು ನಮ್ಮ ಮನೆಯೊಳಕ್ಕೇ ಬಂದದ್ದು ಹೇಗೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಯಂತ್ರದ ಮಾದರಿಯನ್ನು ಬಿಡಿಭಾಗಗಳಿಂದ ಕಟ್ಟುವ ಆಟ ಹೊಸದಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲೇ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪು ಮೊಳೆಗಳಿಂದ ಜೋಡಿಸುವ ಆಟಕ್ಕೆ ಹಕ್ಕುಪತ್ರ ಪಡೆದಿದ್ದ. ಮುಂದೆ ಮೆಕ್ಯಾನೊ ಎಂದು ಜಗತ್ಪ್ರಸಿದ್ಧವಾದದ್ದು ಅದೇ. ಪಟ್ಟಿ, ತಿರುಪು, ಹಲ್ಲುಚಕ್ರ ಇವೆಲ್ಲ ಯಂತ್ರದ ಬಂಧುಗಳೇ. ಅವುಗಳಿಂದ ಎಂಜಿನ್ ಕಟ್ಟಿದರೆ ಸೋಜಿಗವಿಲ್ಲ. ಇಟ್ಟಿಗೆಯ ಜಾತಿಯೇ ಬೇರೆ. ಅದಕ್ಕೆ ಗೊತ್ತಿರುವುದು ಗೋಡೆ, ಮೂಲೆ, ಮೆಟ್ಟಿಲು. ಉಗಿ ಎಂಜಿನ್ನಿನಲ್ಲಾದರೋ ಗುಂಡಗಿಲ್ಲದ ಭಾಗವನ್ನು ಹುಡುಕಬೇಕು. ಬಾಯ್ಲರು ಗುಂಡು, ಚಿಮಣಿ ಗುಂಡು, ಚಕ್ರ ಗುಂಡು.

ಈ ಇಟ್ಟಿಗೆಯ ಊರು ಡೆನ್ಮಾರ್ಕಿನ ಬಿಲುಂಡ್. ಅಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿಯಿದ್ದ. ಲೋಕದಾದ್ಯಂತ ವ್ಯಾಪಾರ ಕುಸಿದಿದ್ದ ಕಾಲದಲ್ಲಿ, ಮನೆ ಕಟ್ಟಿಸುವವರು ಇಲ್ಲವಾಗಿ, 1932ರಲ್ಲಿ ಅವನು ಮರದ ಆಟಿಕೆಗಳನ್ನು ಮಾಡತೊಡಗಿದ. ಚೆನ್ನಾಗಿ ಆಡು ಎಂಬರ್ಥದ ಎರಡು ಡೇನಿಷ್ ಮಾತುಗಳನ್ನು ಕತ್ತರಿಸಿ ಕೂಡಿಸಿ ಲೆಗೊ ಎಂದು ಹೆಸರಿಟ್ಟ. 1949ರಲ್ಲಿ ಅವನ ಕಾರ್ಖಾನೆಯಿಂದ ಪ್ಲಾಸ್ಟಿಕ್ಕಿನ ಕಟ್ಟುವ ಇಟ್ಟಿಗೆ ಹೊರಬಂತು. ಅದು ಪೂರಾ ಅವನ ಕಲ್ಪನೆಯಲ್ಲ. ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಎಂಬಾತ ಅದಕ್ಕೂ ಮೊದಲೇ ಕಿಡಿಕ್ರಾಫ್ಟ್ ಎಂಬ ಹೆಸರಿನಲ್ಲಿ ಅಂಥ ಇಟ್ಟಿಗೆಗಳನ್ನು ಮಾಡಿದ್ದ. ಡೆನ್ಮಾರ್ಕಿನದು ಅದನ್ನು ನೋಡಿ ಮಾಡಿದ್ದು. ಆದರೆ ಅಂದಿನ ಇಟ್ಟಿಗೆ ಒಳಗೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿತ್ತೇ ಹೊರತು ಬಿಗಿಯಾಗಿ ಕಚ್ಚುತ್ತಿರಲಿಲ್ಲ. ಟೊಳ್ಳಿನೊಳಗೆ ಸಣ್ಣ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಅವು ಹಿಡಿದುಕೊಳ್ಳುವಂತೆ ಮಾಡಿದ್ದು ಮಗ ಗಾಟ್‌ಫ್ರೆಡ್‌ನ ಕಾಲದಲ್ಲಿ. 1958ರ ಜನವರಿ 28ರಂದು ಅದಕ್ಕೆ ಹಕ್ಕುಪತ್ರದ ಅರ್ಜಿ ಹಾಕಿದರು. ಅದೇ ವರ್ಷದ ಮಾರ್ಚಿಯಲ್ಲಿ ಮುದುಕ ಬಡಗಿ ತೀರಿಕೊಂಡ. ಅಂದು ನಿಶ್ಚಯವಾದ ಅಳತೆ ಇಂದಿಗೂ ಬದಲಾಗಿಲ್ಲ. 1958ರ ಇಟ್ಟಿಗೆಯ ಮೇಲೆ ನಿನ್ನೆ ಕೊಂಡ ಇಟ್ಟಿಗೆ ಕಚ್ಚಿ ಕೂರುತ್ತದೆ.

ಛಂದಸ್ಸಿನ ಮೇಷ್ಟರಾದ ನನಗೆ ಈ ಅಳತೆಯ ವಿಚಾರ ಬಲು ಸೊಗಸೆನಿಸಿತು. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರು; ಇಟ್ಟಿಗೆಯ ಎತ್ತರ 9.6 ಮಿಲಿಮೀಟರು, ಅದರ ಮೂರನೆಯ ಒಂದು ಪಾಲು ಎತ್ತರದ ಹಲಗೆ 3.2 ಮಿಲಿಮೀಟರು. ಇದರ ಮಾತ್ರೆ, ಗಣ ಎಲ್ಲವೂ ಇಷ್ಟೇ. ಭಾಮಿನಿ ಷಟ್ಪದಿಯ ಕವಿಗೆ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಎಂಬ ಎರಡೇ ಹಲಗೆಗಳಿದ್ದರೂ ಕುಮಾರವ್ಯಾಸ ಅದರಲ್ಲೇ ಕುರುಕ್ಷೇತ್ರವನ್ನು ಕಟ್ಟಲಿಲ್ಲವೆ? ಎಂಟು ಗುಬುಟಿನ ಆರೇ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಡೆನ್ಮಾರ್ಕಿನ ಗಣಿತಜ್ಞರು ಪ್ರಸ್ತಾರ ಹಾಕಿ ನೋಡಿದ್ದಾರೆ: 91,51,03,765 ಬಗೆ. ಇನ್ನೊಂದು ಲೆಕ್ಕವೂ ಕಟ್ಟುವವರಿಗೆ ಬಾಯಿಪಾಠ. ಐದು ಹಲಗೆಗಳ ಎತ್ತರ 16 ಮಿಲಿಮೀಟರು, ಅಂದರೆ ಸರಿಯಾಗಿ ಎರಡು ಗುಬುಟುಗಳ ಅಗಲ. ಹೀಗಾಗಿ ಇಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ ಕಟ್ಟಿದರೂ ಲೆಕ್ಕ ತಪ್ಪುವುದಿಲ್ಲ. ಉಗಿಬಂಡಿಯ ಗುಂಡು ಬಾಯ್ಲರು ಇಟ್ಟಿಗೆಯಲ್ಲಿ ಸಾಧ್ಯವಾದದ್ದು ಮುಖ್ಯವಾಗಿ ಈ ಗುಟ್ಟಿನಿಂದ: ನಡುವೆ ಒಂದು ತಿರುಳನ್ನು ಕಟ್ಟಿ, ಅದರ ನಾಲ್ಕು ಮಗ್ಗುಲಿಗೂ ಬಾಗಿದ ಇಟ್ಟಿಗೆಗಳನ್ನು ಹೊರಮುಖವಾಗಿ ತೊಡಿಸುತ್ತಾರೆ.

ಆದರೆ ಇದೆಲ್ಲ ಬಹಳ ಮುಂದಿನ ಮಾತು. ಇಟ್ಟಿಗೆಗೆ ಮೊದಲು ಚಕ್ರ ಬೇಕಾಗಿತ್ತು. ಅದು ಬಂದದ್ದು 1962ರಲ್ಲಿ. ನಾಲ್ಕು ವರ್ಷಗಳಾದ ಮೇಲೆ, 1966ರಲ್ಲಿ, ನೀಲಿ ಪ್ಲಾಸ್ಟಿಕ್ ಹಳಿಗಳ ಮೇಲೆ ಬ್ಯಾಟರಿಯಿಂದ ಓಡುವ ಮೊದಲ ಲೆಗೊ ರೈಲು ಹೊರಟಿತು. ಈ ಇಸವಿಯನ್ನು ಓದುಗರು ಸ್ವಲ್ಪ ಗಮನಿಸಬೇಕು. ಉಗಿಬಂಡಿಯ ತವರಾದ ಬ್ರಿಟನ್ನಿನಲ್ಲಿ ಸರ್ಕಾರಿ ರೈಲ್ವೆ ತನ್ನ ಮುಖ್ಯ ಮಾರ್ಗಗಳಲ್ಲಿ ಉಗಿಗೆ ವಿದಾಯ ಹೇಳಿದ್ದು 1968ರ ಆಗಸ್ಟ್ 11ರಂದು. ನಮ್ಮ ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟು ಹೊರಗೆ ಕಳಿಸಿದ್ದು 1970ರಲ್ಲಿ. ಆಟಿಕೆಯ ಇಟ್ಟಿಗೆ ಹಳಿಯ ಮೇಲೆ ಕಾಲಿಡುವ ಹೊತ್ತಿಗೆ ನಿಜವಾದ ಉಗಿಬಂಡಿ ಹಳಿ ಬಿಟ್ಟು ಇಳಿಯುತ್ತಿತ್ತು.

ರೈಲಿನ ಆಟಿಕೆ ಬೆಳೆಯಿತು. 1969ರಲ್ಲಿ ಹಳಿಗಳ ನಡುವೆ ವಿದ್ಯುಚ್ಛಕ್ತಿಯ ಇನ್ನೊಂದು ಜೊತೆ ಪಟ್ಟಿ ಬಂತು. 1980ರಲ್ಲಿ ದೂರದಿಂದಲೇ ಹಳಿ ಬದಲಾಯಿಸುವ, ಕೈಮರ ಏಳಿಸುವ ಏರ್ಪಾಡುಗಳಾದವು. 1991ರಲ್ಲಿ ಹಳಿಗೇ ಲೋಹದ ಹೊದಿಕೆ ಹಾಕಿ ಅದರಲ್ಲೇ ವಿದ್ಯುಚ್ಛಕ್ತಿ ಹರಿಸಿದರು. ಹದಿನೈದು ವರ್ಷ ಕಳೆದ ಮೇಲೆ ಅದನ್ನೂ ಕೈಬಿಟ್ಟು ಬ್ಯಾಟರಿಗೇ ಹಿಂದಿರುಗಿದರು. ಲೋಹದ ಹಳಿಯನ್ನು ಮೈಲುಗಟ್ಟಲೆ ಕೂಡಿಟ್ಟಿದ್ದ ಹವ್ಯಾಸಿಗಳು ಮರುಗಿದರು. ಇಷ್ಟೆಲ್ಲ ಸುಧಾರಣೆಯಾದರೂ ಒಂದು ಕೊರತೆ ಮಾತ್ರ ಉಳಿದೇ ಇತ್ತು. ಅದು ಚಕ್ರದ ಕೊರತೆ.

ಉಗಿ ಎಂಜಿನ್ನಿನಲ್ಲಿ ಚಕ್ರಗಳೆಲ್ಲ ಸಮಾನರಲ್ಲ. ಮುಂದಿರುವ ಸಣ್ಣ ಚಕ್ರಗಳು ದಾರಿ ತೋರುವವು. ಹಿಂದಿರುವವು ಭಾರ ಹೊರುವವು. ನಡುವಿನ ಎತ್ತರದ ಚಕ್ರಗಳೇ ಎಳೆಯುವವು. ಪಿಸ್ಟನ್ನಿನ ಒಂದು ಹೊಡೆತಕ್ಕೆ ಬಂಡಿ ಎಷ್ಟು ದೂರ ಸಾಗಬೇಕೆಂಬುದು ಆ ಚಕ್ರದ ಎತ್ತರವನ್ನು ಹೊಂದಿಕೊಂಡಿದೆ. ಆದ್ದರಿಂದಲೇ ವೇಗದ ಎಂಜಿನ್ನುಗಳಿಗೆ ಆಳೆತ್ತರದ ಚಕ್ರ, ಸರಕು ಎಳೆಯುವವಕ್ಕೆ ಗಿಡ್ಡ ಚಕ್ರ. ಲೆಗೊ ರೈಲಿನ ಪೆಟ್ಟಿಗೆಗಳಲ್ಲಿ ಆ ತೆರನಾದ ದೊಡ್ಡ ಚಾಲಕ ಚಕ್ರ ಇರಲಿಲ್ಲ. ಸಣ್ಣ ಚಕ್ರ, ಚೌಕ ಬಾಯ್ಲರು, ಮೇಲೊಂದು ಚಿಮಣಿ. ಮಕ್ಕಳಿಗೆ ಇಷ್ಟು ಸಾಕಾಗಿತ್ತು. ಉಗಿಬಂಡಿಯನ್ನು ಕಣ್ಣಾರೆ ಕಂಡು ಬೆಳೆದ ದೊಡ್ಡವರಿಗೆ ಸಾಕಾಗಲಿಲ್ಲ.

ದೊಡ್ಡವರು ಈ ಆಟಕ್ಕೆ ಇಳಿದದ್ದೇ ಈ ಚರಿತ್ರೆಯ ತಿರುವು. 1990ರ ದಶಕದಲ್ಲಿ ಯೂರೋಪು ಅಮೆರಿಕಗಳಲ್ಲಿ ಎಂಜಿನಿಯರುಗಳು, ಗುಮಾಸ್ತರು, ಮೇಷ್ಟರುಗಳು ತಮ್ಮ ಬಾಲ್ಯದ ಇಟ್ಟಿಗೆಗಳನ್ನು ಅಟ್ಟದಿಂದ ಇಳಿಸಿಕೊಂಡು, ಒಬ್ಬರಿಂದೊಬ್ಬರು ಕಲಿಯುತ್ತ ಕಟ್ಟತೊಡಗಿದರು. ಆಸ್ಟ್ರೇಲಿಯದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಇಟ್ಟಿಗೆಗಳನ್ನು ಗಣಕಯಂತ್ರದ ಪರದೆಯ ಮೇಲೆ ಜೋಡಿಸಿ ನೋಡುವ ಎಲ್‌ಡ್ರಾ ಎಂಬ ಸಾಧನವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟ. ಎರಡೇ ವರ್ಷದಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ಸಾಧನ ಉಳಿದು, ಒಂದು ಇಟ್ಟಿಗೆಯನ್ನೂ ಕೊಳ್ಳುವ ಮೊದಲೇ ಇಡೀ ಎಂಜಿನ್ನಿನ ನಕ್ಷೆಯನ್ನು ಬರೆದು ನೋಡುವುದು ಸಾಧ್ಯವಾಯಿತು. ಚಕ್ರದ ಗೋಳನ್ನು ಕೂಡ ಇವರೇ ಬಗೆಹರಿಸಿಕೊಂಡರು. ಅಮೆರಿಕದಲ್ಲಿ ಒಬ್ಬ ಹವ್ಯಾಸಿ ತಾನೇ ಅಚ್ಚು ಮಾಡಿಸಿ, ಲೆಗೊ ಅಚ್ಚುಸರಳಿಗೆ ಕೂರುವಂಥ ದೊಡ್ಡ ಚಕ್ರಗಳನ್ನು ಹೊಯ್ಯಿಸಿ ಇತರರಿಗೆ ಮಾರಿದ. ಕೊನೆಗೆ ಬಿಲುಂಡಿನ ಕಂಪನಿಯೂ ಈ ಮಂದಿಯ ಮಾತಿಗೆ ಕಿವಿಗೊಟ್ಟಿತು. 2009ರಲ್ಲಿ ‘ಎಮರಾಲ್ಡ್ ನೈಟ್’ ಎಂಬ ಹೆಸರಿನ, 1,085 ತುಣುಕುಗಳ, ಗಾಢ ಹಸಿರು ಬಣ್ಣದ ಉಗಿ ಎಂಜಿನ್ ಹೊರಬಂತು. ಅದರಲ್ಲಿ ಕಡ್ಡಿಗಳುಳ್ಳ ದೊಡ್ಡ ಚಾಲಕ ಚಕ್ರಗಳಿದ್ದುವು. ಮೊದಲ ರೈಲು ಓಡಿ ಆ ಹೊತ್ತಿಗೆ 43 ವರ್ಷ.

ಆ ಚಕ್ರಗಳಲ್ಲಿ ಇನ್ನೊಂದು ಜಾಣ್ಮೆಯಿದೆ. ಮೂರು ಜೊತೆಯಲ್ಲಿ ನಡುವಿನ ಜೊತೆಗೆ ಹಳಿಯನ್ನು ಹಿಡಿಯುವ ಅಂಚು ಇಲ್ಲ. ಆಟಿಕೆಯ ಹಳಿ ಬಹಳ ಬಿರುಸಾಗಿ ತಿರುಗುತ್ತದೆ. ಹದಿನಾರು ಬಾಗುಹಳಿಗಳಿಗೆ ಒಂದು ಸುತ್ತು ಪೂರೈಸುತ್ತದೆ. ಮೂರು ಜೊತೆಗೂ ಅಂಚಿದ್ದರೆ ಎಂಜಿನ್ ಆ ತಿರುವಿನಲ್ಲಿ ಸಿಕ್ಕಿಕೊಳ್ಳುವುದು ಖಂಡಿತ. ಇದು ಆಟಿಕೆಯವರ ಕುಯುಕ್ತಿಯಲ್ಲ. ಬ್ರಿಟಿಷ್ ರೈಲ್ವೆ 1954ರಿಂದ ಕಟ್ಟಿಸಿದ ಹತ್ತು ಚಾಲಕ ಚಕ್ರಗಳ ದೈತ್ಯ ಎಂಜಿನ್ನುಗಳಲ್ಲೂ ನಟ್ಟನಡುವಿನ ಚಕ್ರಗಳಿಗೆ ಅಂಚಿರಲಿಲ್ಲ.

ಇನ್ನು ನಮ್ಮ ಮೇಜಿನ ಕಾರ್ಖಾನೆಗೆ ಬರೋಣ. ಆ ಹಸಿರು ಎಂಜಿನ್ನಿನ ಪೆಟ್ಟಿಗೆ ಅಂಗಡಿಗಳಿಂದ ಮರೆಯಾಗಿ ಬಹಳ ವರ್ಷವಾಯಿತು. ಹೊರದೇಶದಲ್ಲಿರುವ ನನ್ನ ಭಾವಮೈದುನ ಯಾರೋ ಬಳಸಿ ಬಿಟ್ಟ ಆರು ಚಕ್ರಗಳನ್ನು ತಂದುಕೊಟ್ಟ. ಅವನ್ನು ನೋಡುತ್ತ ಮಗಳು, “ಯಾವ ಎಂಜಿನ್ ಕಟ್ಟೋಣ?” ಎಂದಳು. ನನ್ನ ಬಾಯಿಂದ ಯೋಚನೆಯಿಲ್ಲದೆ “ವೈ.ಪಿ.” ಎಂದು ಬಂತು.

ವೈ.ಪಿ. ಎಂದರೆ ಮೀಟರ್ ಗೇಜಿನ ಪ್ಯಾಸೆಂಜರ್ ಎಂಜಿನ್. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹೊರದೇಶಗಳಲ್ಲಿ ಮಾಡಿಸಿ ತಂದು, ಆಮೇಲೆ ಜಮ್‌ಷೆಡ್‌ಪುರದಲ್ಲೇ ತಯಾರಿಸಿದ ಜಾತಿ. 1980ರ ದಶಕದಲ್ಲಿ, ನಾನು ಚಿಕ್ಕವನಾಗಿದ್ದಾಗ, ಮೈಸೂರು–ಅರಸೀಕೆರೆ ಮಾರ್ಗದಲ್ಲಿ ನಾವು ದಿನ ಬೆಳಗಾದರೆ ನೋಡುತ್ತಿದ್ದ ಕಪ್ಪು ಎಂಜಿನ್. ನನ್ನ ತಂದೆ ಅದರಲ್ಲಿ ಫೈರ್‌ಮನ್ ಆಗಿ ಕೆಲಸಕ್ಕೆ ಸೇರಿ, ಕೊನೆಗೆ ಡೀಸೆಲ್ ಎಂಜಿನ್ನಿನ ಚಾಲಕರಾಗಿ ನಿವೃತ್ತರಾದರು. ಈಗ ಎಂಬತ್ತು ದಾಟಿ, ನಮ್ಮೊಡನೆಯೇ ಇದ್ದಾರೆ. ಮಾತು ಕಡಮೆ.

ಅಳತೆ ಹಾಕುವಾಗ ಒಂದು ವಿನೋದವಾಯಿತು. ವೈ.ಪಿ.ಯ ಚಾಲಕ ಚಕ್ರದ ಅಡ್ಡಗಲ ನಾಲ್ಕೂವರೆ ಅಡಿ, ಎಂದರೆ 1,372 ಮಿಲಿಮೀಟರು. ಲೆಗೊ ಚಕ್ರ, ಅಂಚು ಬಿಟ್ಟರೆ, ಸುಮಾರು 30 ಮಿಲಿಮೀಟರು. ಹಾಗಾದರೆ ನಮ್ಮ ಎಂಜಿನ್ ನಿಜದ ನಲವತ್ತೈದನೆಯ ಒಂದು ಪಾಲು. ಟೆಂಡರು ಸೇರಿ ಒಂದು ಮೊಳಕ್ಕೆ ಸ್ವಲ್ಪ ಕಡಮೆ. ಹಳಿಯ ಲೆಕ್ಕ ನೋಡಿದರೆ ಬೇರೆಯೇ ಆಯಿತು. ಲೆಗೊ ಹಳಿಗಳ ನಡುವಣ ಅಂತರ 37.5 ಮಿಲಿಮೀಟರು. ಅದನ್ನು ನಲವತ್ತೈದರಿಂದ ಗುಣಿಸಿದರೆ 1,687. ಮೀಟರ್ ಗೇಜ್ ಅಲ್ಲವೇ ಅಲ್ಲ. ನಮ್ಮ ಬ್ರಾಡ್‌ಗೇಜಿನ 1,676 ಮಿಲಿಮೀಟರಿಗೆ ಹತ್ತಿರ ಹತ್ತಿರ. ನಿಜದ ವೈ.ಪಿ. ಬ್ರಾಡ್‌ಗೇಜಿನ ಮೇಲೆ ಓಡಿದ್ದೇ ಇಲ್ಲ. 1990ರ ದಶಕದಲ್ಲಿ ಆ ಮಾರ್ಗದ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಅಗಲದ ಹಳಿ ಹಾಕಿದಾಗ ಉಗಿಯ ಕಾಲ ಮುಗಿದಿತ್ತು. “ನಮ್ಮ ಎಂಜಿನ್ ಓಡಬೇಕಾದರೆ ಗೇಜ್ ಬದಲಾಯಿಸಿಕೊಳ್ಳಲೇಬೇಕು” ಎಂದು ಮಗಳು ತೀರ್ಪು ಕೊಟ್ಟಳು. ಚಕ್ರ ಸರಿಯಾಗಿದ್ದರೆ ಹಳಿ ತಪ್ಪು, ಹಳಿ ಸರಿಯಾದರೆ ಚಕ್ರ ತಪ್ಪು. ಇಟ್ಟಿಗೆಯಲ್ಲಿ ಎಂಜಿನ್ ಕಟ್ಟುವವರೆಲ್ಲರೂ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೀಗೆಯೇ ಒಂದು ಕಡೆ ತೀರ್ಮಾನಿಸಬೇಕಾಗುತ್ತದೆ.

ಕಟ್ಟಲು ಕುಳಿತ ಮೇಲೆ ನನ್ನ ಅಜ್ಞಾನ ಹೊರಬಿತ್ತು. ಬಾಲ್ಯವೆಲ್ಲ ಕಣ್ಣ ಮುಂದಿದ್ದ ಎಂಜಿನ್ನು. ಆದರೆ ಚಿಮಣಿಯ ಹಿಂದಿನ ಗುಮ್ಮಟಗಳು ಯಾವ ಕ್ರಮದಲ್ಲಿದ್ದುವು, ಮುಂದಿನ ಸಣ್ಣ ಚಕ್ರ ಎಷ್ಟು ಹೊರಕ್ಕಿತ್ತು, ಚಾಲಕನ ಕೋಣೆಯ ಕಿಟಕಿ ಎಷ್ಟು ದೊಡ್ಡದು, ಒಂದೂ ನೆನಪಿಲ್ಲ. ನೆನಪಿದ್ದದ್ದು ಹೊಗೆ, ಸದ್ದು, ಕಣ್ಣಿಗೆ ಬಿದ್ದ ಕಿಡಿ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿಯ ಹಳೆಯ ಎಂಜಿನ್ನುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಸರಳುಗಳ ಚಿತ್ರ ಬರೆದುಕೊಂಡು ಬಂದೆವು. ಬೆಲ್ಜಿಯಮ್ಮಿನ ಎಗೀಡ್ ವಾಲ್ಷಾರ್ಟ್ಸ್ 1844ರಲ್ಲಿ ರೂಪಿಸಿದ ಸರಳುಗಳ ಆ ಹೆಣಿಗೆಯೇ ಪಿಸ್ಟನ್ನಿನ ಯಾವ ಮಗ್ಗುಲಿಗೆ ಯಾವಾಗ ಉಗಿ ಹೋಗಬೇಕೆಂದು ನಿರ್ಧರಿಸುತ್ತದೆ ಎಂಬುದು ನಲವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಒಂದು ಸಂಜೆ ಚಕ್ರಗಳಿಗೆ ಸರಳು ಜೋಡಿಸಿ ಮುಗಿಸಿದ್ದೆವು. ಮಗಳು ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿ ನೋಡುತ್ತಿದ್ದಳು. ನನ್ನ ತಂದೆ ನೀರು ಕುಡಿಯಲು ಬಂದವರು ಅಲ್ಲೇ ನಿಂತರು. ಒಂದು ನಿಮಿಷ ನೋಡಿ, “ಇದು ಓಡುವುದಿಲ್ಲ” ಎಂದರು.

“ಯಾಕೆ ತಾತ? ಚೆನ್ನಾಗಿ ಉರುಳುತ್ತದಲ್ಲ?”

“ಎರಡು ಮಗ್ಗುಲಿನ ಸರಳೂ ಒಟ್ಟಿಗೆ ಏಳುತ್ತಿವೆ, ಒಟ್ಟಿಗೆ ಇಳಿಯುತ್ತಿವೆ. ಹಾಗಿರಬಾರದು. ಒಂದು ಕಡೆಯದು ತುದಿ ಮುಟ್ಟಿದಾಗ ಇನ್ನೊಂದು ನಡುವೆ ಇರಬೇಕು. ಇಲ್ಲದಿದ್ದರೆ ನಿಂತ ಗಾಡಿ ಹೊರಡಲಾರದು.”

ಮಾತು ದಿಟ. ಪಿಸ್ಟನ್ ತನ್ನ ಕೊನೆ ಮುಟ್ಟಿ ಸರಳು ಚಕ್ರದ ನಡುವಿಗೆ ನೇರವಾಗಿ ನಿಂತಾಗ ಎಷ್ಟು ಉಗಿ ಕೊಟ್ಟರೂ ಚಕ್ರ ತಿರುಗದು. ಆ ಗಳಿಗೆಯಲ್ಲಿ ಇನ್ನೊಂದು ಮಗ್ಗುಲಿನ ಪಿಸ್ಟನ್ ಕೈಹಿಡಿಯಬೇಕು. ಅದಕ್ಕಾಗಿಯೇ ಎರಡು ಕಡೆಯ ಚಕ್ರಗಳನ್ನು ಅಚ್ಚಿನ ಮೇಲೆ ಕಾಲು ಸುತ್ತಿನ ವ್ಯತ್ಯಾಸದಲ್ಲಿ ಕೂರಿಸುತ್ತಾರೆ. ನಿಜವಾದ ಕಾರ್ಖಾನೆಯಲ್ಲಿ ಅದು ತುಂಬ ನಾಜೂಕಿನ ಕೆಲಸ. ಲೆಗೊ ಅಚ್ಚುಸರಳಾದರೋ ಅಡ್ಡ ಸೀಳಿದರೆ ಕೂಡಿಕೆಯ ಚಿಹ್ನೆಯಂತಿದೆ. ಚಕ್ರವನ್ನು ಕಳಚಿ ಒಂದು ಕೋಲಿನಷ್ಟು ತಿರುಗಿಸಿ ಮತ್ತೆ ತಳ್ಳಿದರೆ ಕಾಲು ಸುತ್ತು ತಾನಾಗಿಯೇ ಸರಿಹೋಗುತ್ತದೆ. ಮಗಳು ಅರ್ಧ ನಿಮಿಷದಲ್ಲಿ ಮಾಡಿ ತೋರಿಸಿದಳು. ತಾತ ಕುರ್ಚಿ ಎಳೆದುಕೊಂಡು ಕುಳಿತರು.

ಆಮೇಲೆ ಅವರು ಬೆರಳುಗಳಿಂದ ಮೇಜು ಬಡಿದು ತೋರಿಸಿದರು. ಚಕ್ರ ಒಂದು ಸುತ್ತು ಬರುವುದರೊಳಗೆ ಚಿಮಣಿಯಿಂದ ನಾಲ್ಕು ಬಡಿತ. ಎರಡು ಸಿಲಿಂಡರು, ಒಂದೊಂದರಲ್ಲೂ ಪಿಸ್ಟನ್ನಿನ ಎರಡು ಮಗ್ಗುಲಿಗೂ ಉಗಿ, ಒಟ್ಟು ನಾಲ್ಕು. ನಾಲ್ಕೂ ಸಮವಾಗಿ ಕೇಳಿದರೆ ಎಂಜಿನ್ ಆರೋಗ್ಯವಾಗಿದೆ. ಒಂದು ಬಡಿತ ಕುಂಟಿದರೆ ಸರಳುಗಳ ಹೊಂದಾಣಿಕೆ ಎಲ್ಲೋ ತಪ್ಪಿದೆ. “ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ, ಕಿವಿಯಲ್ಲೇ ಗೊತ್ತಾಗಬೇಕಾಗಿತ್ತು” ಎಂದರು. ಇಪ್ಪತ್ತು ವರ್ಷ ಮಾತ್ರೆಗಳನ್ನು ಎಣಿಸಿ ಹೇಳಿಕೊಟ್ಟ ನಾನು, ಲಯ ತಪ್ಪಿದ್ದನ್ನು ಕಿವಿಯಿಂದಲೇ ಹಿಡಿಯುವ ಮನುಷ್ಯನೊಬ್ಬ ಮನೆಯಲ್ಲೇ ಇದ್ದಾನೆಂಬುದನ್ನು ತಿಳಿದಿರಲಿಲ್ಲ. ಕೇಳಿರಲಿಲ್ಲ, ಅಷ್ಟೆ. ಮಸಿ ಹಿಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ ತಂದೆಯ ಕಸುಬಿನ ಬಗ್ಗೆ ಹುಡುಗನಾಗಿದ್ದಾಗ ನನಗೆ ಸ್ವಲ್ಪ ನಾಚಿಕೆಯೇ ಇತ್ತು. ದೊಡ್ಡವನಾದ ಮೇಲೆ ಪುಸ್ತಕಗಳಿದ್ದುವು.

ಮರುದಿನದಿಂದ ಕಾರ್ಖಾನೆಗೆ ಹೊಸ ಮೇಲ್ವಿಚಾರಕರು ಬಂದಂತಾಯಿತು. ಮಗಳು ಚಾಲಕನ ಕೋಣೆಯ ಹಿಂಬದಿಗೆ ಅಂದವಾಗಿರಲೆಂದು ಗೋಡೆ ಕಟ್ಟಿದ್ದಳು. “ಇಲ್ಲಿ ಗೋಡೆ ಕಟ್ಟಿದರೆ ಫೈರ್‌ಮನ್ ಕಲ್ಲಿದ್ದಲು ಎಲ್ಲಿಂದ ತೆಗೆದು ಹಾಕಬೇಕು?” ಎಂದರು. ಗೋಡೆ ಬಿತ್ತು. ಟೆಂಡರಿನಿಂದ ಒಲೆಯ ಬಾಯಿಗೆ ಒಂದು ಹೆಜ್ಜೆಯೂ ಇಡದೆ ತಿರುಗಿ ಹಾಕುವಷ್ಟು ಜಾಗ ಬಿಡಬೇಕೆಂದು, ಎದ್ದು ನಿಂತು, ಇಲ್ಲದ ಸಲಿಕೆಯನ್ನು ಹಿಡಿದು ತಿರುಗಿ ತೋರಿಸಿದರು. ಇದ್ದಲನ್ನು ಒಂದೇ ಕಡೆ ಸುರಿಯಬಾರದು, ತೆಳ್ಳಗೆ ಹರಡಬೇಕು. ಏರು ಬರುವ ಮೊದಲೇ ಉಗಿ ಕೂಡಿಟ್ಟುಕೊಳ್ಳಬೇಕು. ಇಂಥ ಮಾತುಗಳನ್ನೆಲ್ಲ ಮಗಳು ತನ್ನ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ನಾನೂ ಬರೆದುಕೊಳ್ಳುತ್ತಿದ್ದೇನೆ.

ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನು ಉಳಿಯುತ್ತದೆ. ಅದನ್ನು ನಡೆಸಿದವನ ಕೈ ಉಳಿಯುವುದಿಲ್ಲ. ಬಿಲುಂಡಿನ ಬಡಗಿಯಾಗಲಿ, ಚಕ್ರಕ್ಕಾಗಿ ಹಟ ಹಿಡಿದ ಹವ್ಯಾಸಿಗಳಾಗಲಿ ಇದನ್ನು ಯೋಚಿಸಿದ್ದರೋ ಏನೋ ಅರಿಯೆ. ಆದರೆ ಒಂದು ವಸ್ತುವನ್ನು ಸರಿಯಾಗಿ ಕಟ್ಟಬೇಕೆಂದು ಹೊರಟವನು, ಅದನ್ನು ಬಲ್ಲವರನ್ನು ಕೇಳದೆ ವಿಧಿಯಿಲ್ಲ. ನಮ್ಮಲ್ಲಿ ಉಗಿಬಂಡಿಯನ್ನು ನಡೆಸಿ ಬಲ್ಲವರು ಈಗ ಎಪ್ಪತ್ತು, ಎಂಬತ್ತರ ಆಚೀಚೆ ಇದ್ದಾರೆ. ಕೇಳುವುದಿದ್ದರೆ ಬೇಗ ಕೇಳಬೇಕು.

ಕಳೆದ ಭಾನುವಾರ ನಮ್ಮ ವೈ.ಪಿ. ಹಳಿಯ ಮೇಲೆ ಓಡಿತು. ಟೆಂಡರಿನಲ್ಲಿ ಕಲ್ಲಿದ್ದಲಿನ ಜಾಗದಲ್ಲಿ ಬ್ಯಾಟರಿ. ಹೊಗೆಯಿಲ್ಲ, ಬಡಿತವಿಲ್ಲ, ಮೋಟಾರಿನ ಸಣ್ಣ ಗುಂಯ್ಗುಡುವಿಕೆ ಮಾತ್ರ. ತಂದೆ ಎರಡು ಸುತ್ತು ನೋಡಿದರು. ಬೆರಳು ಮಾತ್ರ ಮೇಜಿನ ಅಂಚಿನ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಬರೀ ಎಂಜಿನ್ ಕಟ್ಟಿದರೆ ಆಯಿತೆ? ಗಾಡಿ ಎಲ್ಲಿ?” ಎಂದರು.

ಊಟದ ಮೇಜು ಸದ್ಯಕ್ಕೆ ನಮಗೆ ಸಿಗುವಂತೆ ಕಾಣುವುದಿಲ್ಲ.